ಮಾರಿದ ಫಿಯಾಟ್ ಮದುವೆಯಲ್ಲಿ ಸಿಕ್ಕಿತು

ಗಾಡಿ ಮಾತು: ಓದುಗರ ಪ್ರಶ್ನೆಗೆ ಕಲಬುರಗಿಯ ಹಳೇ ಮೇಸ್ತ್ರಿಯ ಉತ್ತರ

ಪ್ರಶ್ನೆ: ನಮ್ಮಪ್ಪ ಭಾಲ್ಕಿ ಕಡೆ ಡಾಕ್ಟರ್ ಆಗಿದ್ದರು. 1975ರ ಪ್ರೀಮಿಯರ್ ಪದ್ಮಿನಿಯಲ್ಲೇ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಅವರು ಹೋದ ಮೇಲೆ ಗಾಡಿ ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. 2019ರಲ್ಲಿ ಹೈದರಾಬಾದಿನವರೊಬ್ಬರಿಗೆ 55,000 ರೂಪಾಯಿಗೆ ಕೊಟ್ಟೆ. ಹೋದ ತಿಂಗಳು ಅಲ್ಲಿನ ಒಂದು ಮದುವೆಗೆ ಹೋಗಿದ್ದೆ. ಅದೇ ಗಾಡಿ ಹೂವು ಮುಡಿದುಕೊಂಡು ನಿಂತಿತ್ತು. ಬಣ್ಣ ಕೆಂಪಾಗಿದೆ, ನಂಬರ್ ತೆಲಂಗಾಣದ್ದು. ಆದರೆ ಗೇರ್ ರಾಡಿನ ತುದಿಗೆ ಅಪ್ಪ ಬೀದರಿನಲ್ಲಿ ಮಾಡಿಸಿ ಹಾಕಿದ್ದ ಬಿದರಿ ಗುಂಡು ಹಾಗೇ ಇತ್ತು. ಬೆಳ್ಳಿ ಎಳೆ ಹೊಳೆಯುತ್ತಿತ್ತು. ನನಗೆ ಊಟ ಸೇರಲಿಲ್ಲ. ತಮ್ಮ 'ಎಷ್ಟಾದರೂ ಆಗಲಿ, ವಾಪಸ್ ತರೋಣ' ಅಂತಾನೆ. ಹೆಂಡತಿ 'ಎಲ್ಲಿ ನಿಲ್ಲಿಸ್ತೀರಿ' ಅಂತಾಳೆ. ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಗಾಡಿ ಗೇಟು ದಾಟಿದ ದಿನ ನನಗೆ ಹಗುರ ಅನಿಸಿತ್ತು. ಅದನ್ನು ನೆನೆದರೆ ಈಗ ನಾಚಿಕೆ ಆಗುತ್ತದೆ. ಏನು ಮಾಡಲಿ?
– ಹೆಸರು ಬೇಡ, ಬೀದರ್

ಉತ್ತರ: ಹಗುರ ಅನಿಸಿದ್ದಕ್ಕೆ ನಾಚಬೇಡಿ. ನಾನು ಕಲಬುರಗಿಯ ಸೇಡಂ ರಸ್ತೆಯಲ್ಲಿ 38 ವರ್ಷ ಗ್ಯಾರೇಜ್ ನಡೆಸಿದವನು. ನಿಂತ ಗಾಡಿ ಮನೆಯವರ ಮೇಲೆ ಎಷ್ಟು ಭಾರ ಹಾಕುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಶೆಡ್ಡಿನ ಮುಂದೆ ಹಾದಾಗಲೆಲ್ಲ ಒಂದು ಸಲ ಸೆಲ್ಫ್ ಹೊಡೆಯಬೇಕು ಅನಿಸುತ್ತದೆ. ಬ್ಯಾಟರಿ ಸತ್ತಿರುತ್ತದೆ. ಭಾನುವಾರ ನೋಡೋಣ ಅಂದುಕೊಂಡು ಒಳಗೆ ಹೋಗುತ್ತೀರಿ. ಹಾಗೇ ನೂರು ಭಾನುವಾರ ಹೋಗುತ್ತವೆ. ಅಷ್ಟರಲ್ಲಿ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಸಿಲಿಂಡರಿನೊಳಗೆ ತುಕ್ಕು ಹಿಡಿಸಿರುತ್ತದೆ. ರಬ್ಬರ್ ಕಪ್ ಒಣಗಿ ಕಚ್ಚಿಕೊಂಡಿರುತ್ತದೆ. ಟ್ಯಾಂಕಿನ ಪೆಟ್ರೋಲ್ ಅಂಟಾಗಿರುತ್ತದೆ. ಸೀಟಿನ ಸ್ಪಂಜಿನಲ್ಲಿ ಇಲಿ ಮರಿ ಹಾಕಿರುತ್ತದೆ. ಅಪ್ಪ ಒರೆಸಿ ಒರೆಸಿ ಇಟ್ಟ ಗಾಡಿ ಹೀಗೆ ಕಣ್ಣೆದುರೇ ಹಾಳಾಗುವುದನ್ನು ಆರು ವರ್ಷ ನೋಡಿದ್ದೀರಿ. ಅದು ಗೇಟು ದಾಟಿದಾಗ ನಿಟ್ಟುಸಿರು ಬಿಡದೆ ಇನ್ನೇನು ಮಾಡುತ್ತೀರಿ?

ನನ್ನದೂ ಒಂದು ಫಿಯಾಟ್ ಇತ್ತು. ಪದ್ಮಿನಿ ಅಂತ ಹೆಸರು ಬಂದಿದ್ದು 1974ರಲ್ಲಿ, ಆದರೆ ನಮ್ಮ ಕಡೆ ಕೊನೇ ತನಕ ಅದು ಫಿಯಾಟೇ ಅಲ್ವಾ? ನನ್ನದು 1978ರದ್ದು, ಕೆನೆ ಬಣ್ಣ. 1987ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಗಲು ಗಿರಾಕಿಗಳ ಗಾಡಿ, ರಾತ್ರಿ ನನ್ನ ಗಾಡಿ. ಇಂಜಿನ್ ಇಳಿಸಿ, ಸವೆದ ಸಿಲಿಂಡರುಗಳಿಗೆ ಬೋರ್ ಹೊಡೆಸಿದೆ. ಮುಂದಿನ ಬೆಂಚ್ ಸೀಟಿನಲ್ಲಿ ನಾನು, ನಡುವೆ ಮಗಳು, ಕಿಟಕಿಗೆ ಹೆಂಡತಿ. ಗೇರ್ ಸ್ಟೀರಿಂಗಿನ ಕಂಬದ ಮೇಲೇ ಇದ್ದುದರಿಂದ ನಡುವೆ ಕೂತವರ ಕಾಲಿಗೆ ಏನೂ ತಾಗುತ್ತಿರಲಿಲ್ಲ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುತ್ತಿದ್ದೆವು. ಬರುವಾಗ ಮಗಳು ಅಲ್ಲೇ ನನ್ನ ತೋಳಿಗೆ ಒರಗಿ ಮಲಗುತ್ತಿದ್ದಳು. ಅವಳು ಎದ್ದುಬಿಡುತ್ತಾಳೆ ಅಂತ ನಾನು ಆದಷ್ಟು ಗೇರ್ ಬದಲಿಸದೆ ಬರುತ್ತಿದ್ದೆ.

1999ರಲ್ಲಿ ಹೆಂಡತಿಗೆ ಸೊಲ್ಲಾಪುರದಲ್ಲಿ ಆಪರೇಷನ್ ಅಂತಾಯಿತು. ಎರಡು ದಿನದಲ್ಲಿ ದುಡ್ಡು ಹೊಂದಿಸಬೇಕಿತ್ತು. ದಲ್ಲಾಳಿಯೊಬ್ಬ ಬಂದ. 38,000 ಎಣಿಸಿ ಕೊಟ್ಟ, ಕೀಲಿ ತಗೊಂಡು ಹೋದ. ಯಾರಿಗೆ ಕೊಡ್ತೀಯಪ್ಪಾ ಅಂತ ನಾನು ಕೇಳಲೇ ಇಲ್ಲ. ಹೆಂಡತಿ ಆರಾಮಾದಳು, ಇವತ್ತಿಗೂ ಚೆನ್ನಾಗಿದ್ದಾಳೆ. ಮಾರಿದ್ದಕ್ಕೆ ಒಂದು ದಿನವೂ ಬೇಸರಪಟ್ಟಿಲ್ಲ. ಆದರೆ ಆಮೇಲೆ ಹತ್ತು ವರ್ಷ ಸೂಪರ್ ಮಾರ್ಕೆಟ್ಟಿನಲ್ಲಾಗಲಿ, ಸ್ಟೇಷನ್ ರಸ್ತೆಯಲ್ಲಾಗಲಿ, ಕೆನೆ ಬಣ್ಣದ ಫಿಯಾಟ್ ಕಂಡರೆ ಓಡಿ ಹೋಗಿ ನಂಬರ್ ಓದುತ್ತಿದ್ದೆ. ಗುಜರಿಯವರನ್ನೂ ಕೇಳುತ್ತಿದ್ದೆ. ಸಿಗಲಿಲ್ಲ.

ಅದಾದ ಮೇಲೆ ಒಂದು ಅಂಬಾಸಡರ್ ಇತ್ತು, 1986ರ ಮಾರ್ಕ್ 4. ಅದನ್ನು 2009ರಲ್ಲಿ ಜೇವರ್ಗಿಯ ರೈತರೊಬ್ಬರಿಗೆ ಕೊಟ್ಟೆ. ಅವರು ಎರಡು ತಿಂಗಳಿಗೊಮ್ಮೆ ಸರ್ವಿಸಿಗೆ ನನ್ನಲ್ಲಿಗೇ ತರುತ್ತಿದ್ದರು. ಬಿಳಿ ಗಾಡಿಗೆ ಗಿಳಿ ಹಸಿರು ಹೊಡೆಸಿದರು. ಸುಗ್ಗಿಯಲ್ಲಿ ಡಿಕ್ಕಿಗೆ ತೊಗರಿ ಚೀಲ ತುಂಬಿ, ಮುಚ್ಚಳಕ್ಕೆ ಹಗ್ಗ ಕಟ್ಟಿ ಎಪಿಎಂಸಿಗೆ ಬರುತ್ತಿದ್ದರು. ಹಿಂದಿನ ಸ್ಪ್ರಿಂಗ್ ಪಟ್ಟಾ ಬಗ್ಗಿ ಗಾಡಿ ಕೂತುಬಿಟ್ಟಿರುತ್ತಿತ್ತು. ನಾನು ಬೈಯುತ್ತಿದ್ದೆ. ಆದರೆ ಒಳಗೆ ಖುಷಿ ಆಗುತ್ತಿತ್ತು. 2015ರಲ್ಲಿ ಒಂದು ದಿನ ಕೀಲಿ ನನ್ನ ಕೈಗೆ ಕೊಟ್ಟು 'ನೀವೇ ಹೊಡೀರಿ ಕಾಕಾ' ಅಂದರು. ರಿಂಗ್ ರೋಡಿನ ತನಕ ಹೋಗಿ ಬಂದೆ. ಎಡಗೈ ತಾನೇ ಗೇರ್ ಹುಡುಕಿಕೊಂಡಿತು.

ಎರಡೂ ನನ್ನ ಗಾಡಿಗಳೇ. ಒಂದು ಎಲ್ಲಿಗೆ ಹೋಯಿತು ಅಂತಲೇ ಗೊತ್ತಿಲ್ಲ, ಅದು ಇನ್ನೂ ಕಾಡುತ್ತದೆ. ಇನ್ನೊಂದು ಜೇವರ್ಗಿಯಲ್ಲಿತ್ತು ಅಂತ ಗೊತ್ತಿತ್ತು, ಅದು ಯಾವತ್ತೂ ಕಾಡಲಿಲ್ಲ. ನಿಮಗೆ ಈಗ ನಿಮ್ಮ ಗಾಡಿ ಎಲ್ಲಿದೆ ಅಂತ ಗೊತ್ತಾಗಿದೆ. ನನಗೆ ಹತ್ತು ವರ್ಷ ಹುಡುಕಿದರೂ ಸಿಗದ್ದು ನಿಮಗೆ ಒಂದು ಮದುವೆ ಊಟದಲ್ಲಿ ಸಿಕ್ಕಿದೆ.

ಇನ್ನು ಆ ಬಿದರಿ ಗುಂಡಿನ ವಿಷಯ. ನಿಮ್ಮ ಪತ್ರ ಓದುವಾಗ ನಾನು ಅಲ್ಲೇ ಜಾಸ್ತಿ ಹೊತ್ತು ನಿಂತೆ. ಗೇರಿನ ಗುಂಡು ತಿರುಗಿಸಿದರೆ ಕೈಗೆ ಬರುವ ವಸ್ತು. ಹಳೇ ಗಾಡಿ ಕೊಂಡು ಬಣ್ಣ ಹೊಡೆಸುವವರು ಮೊದಲು ಕಿತ್ತು ಬದಲಿಸುವುದೇ ಇಂಥದ್ದನ್ನು. ಇವರು ಇಡೀ ಬಾಡಿಯ ಬಣ್ಣ ಬದಲಿಸಿದ್ದಾರೆ, ಗುಂಡು ಮುಟ್ಟಿಲ್ಲ. ಬೆಳ್ಳಿ ಎಳೆ ಹೊಳೆಯುತ್ತಿತ್ತು ಅಂತ ನೀವೇ ಬರೆದಿದ್ದೀರಿ. ನೀವು ಬೀದರಿನವರು, ನಿಮಗೆ ನಾನು ಹೇಳಬೇಕಾಗಿಲ್ಲ. ಸತು ತಾಮ್ರ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆ ಮಣ್ಣಿನಲ್ಲಿ ಕಪ್ಪು ಮಾಡಿದ ಸಾಮಾನು ಅದು. ಸುಮ್ನೆ ಬಿಟ್ಟರೆ ಬೆಳ್ಳಿ ಮಂಕಾಗುತ್ತದೆ. ಹೊಳೆಯುತ್ತಿದೆ ಅಂದರೆ ಯಾರೋ ಅದನ್ನು ಒರೆಸುತ್ತಿದ್ದಾರೆ. ನಿಮ್ಮ ಅಪ್ಪನ ಕೈ ಇಟ್ಟ ಜಾಗವನ್ನು ಗುರುತು ಪರಿಚಯ ಇಲ್ಲದವರೊಬ್ಬರು ಜೋಪಾನ ಮಾಡುತ್ತಿದ್ದಾರೆ.

ವಾಪಸ್ ಕೊಳ್ಳಬೇಕಾ? ಈಗ ಬೇಡ ಅಂತ ನನ್ನ ಮಾತು. ನಿಮ್ಮ ಹೆಂಡತಿ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಇನ್ನೊಂದು ಸೇರಿಸುತ್ತೇನೆ: ವಾರಕ್ಕೊಮ್ಮೆ ಅದನ್ನು ಯಾರು ಓಡಿಸುತ್ತಾರೆ? ನಿಮ್ಮ ತಮ್ಮ 'ನಾನು' ಅಂತ ಖಾತ್ರಿಯಾಗಿ ಹೇಳಿದರೆ ಬೇರೆ ಮಾತು. ಇಲ್ಲದಿದ್ದರೆ ಮತ್ತೆ ಅದೇ ಶೆಡ್ಡು, ಅದೇ ಇಲಿ. ಕಾಗದದ ಕೆಲಸವೂ ಸಣ್ಣದಲ್ಲ. ತೆಲಂಗಾಣದಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ನೋಂದಣಿ, ಮತ್ತೆ ತೆರಿಗೆ. ಗಾಡಿಗೆ 50 ವರ್ಷ ತುಂಬಿರುವುದರಿಂದ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. 2021ರಲ್ಲಿ ಬಂದ ನಿಯಮ ಅದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಅಷ್ಟೇ ರಸ್ತೆಗಿಳಿಸಬೇಕು. ಹಳ್ಳಿ ಹಳ್ಳಿ ತಿರುಗಿದ ಡಾಕ್ಟರ ಗಾಡಿಗೆ ಅದು ಒಪ್ಪುತ್ತದಾ, ನೀವೇ ಯೋಚಿಸಿ.

ನೀವು ಗಾಡಿಯ ಈಗಿನ ಮಾಲೀಕರಿಗೆ ಒಂದು ಫೋನ್ ಮಾಡಿ. ಬೈಯುವುದಕ್ಕಲ್ಲ, ಬೇಡುವುದಕ್ಕೂ ಅಲ್ಲ. ಮನೆಯಲ್ಲಿ ಹುಡುಕಿದರೆ ಹಳೇ ಬಿಲ್ಲು, ಎರಡನೇ ಕೀಲಿ, ಅಪ್ಪ ಗಾಡಿ ಪಕ್ಕ ನಿಂತ ಒಂದು ಫೋಟೋ ಸಿಗುತ್ತವೆ. ಡಾಕ್ಟರ ಮನೆಯಲ್ಲಿ ಕಾಗದ ಎಸೆದಿರುವುದಿಲ್ಲ. ಅವನ್ನು ತಗೊಂಡು ಹೋಗಿ ಅವರ ಕೈಗೆ ಕೊಡಿ. ಹಳೇ ಗಾಡಿ ಪ್ರೀತಿಸುವವರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಗುಂಡಿನ ಕಥೆ ಹೇಳಿ, ಅವರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಸುತ್ತು ಓಡಿಸಲು ಕೇಳಿ. ಆಮೇಲೆ ಒಂದೇ ಒಂದು ಮಾತು ತಗೊಳ್ಳಿ: 'ನೀವು ಯಾವತ್ತಾದರೂ ಮಾರುವುದಾದರೆ ಮೊದಲು ನನಗೆ ಹೇಳಿ.' ನಿಮ್ಮ ತಮ್ಮನನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ 24 ವರ್ಷ. 1982ರ ಒಂದು ಫಿಯಾಟ್ ನೋಡಿದ್ದೇನೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಅದಕ್ಕೆ ಆಗಲ್ಲ, ತಗೋಬೇಡ ಅಂತ ಎಲ್ಲರೂ ಹೆದರಿಸುತ್ತಾರೆ. ನಿಜಾನಾ?
– ಒಬ್ಬ ಓದುಗ, ಕಲಬುರಗಿ

ಉತ್ತರ: ತಗೊಳ್ಳಿ, ಆದರೆ ತಯಾರಿ ಮಾಡಿಕೊಂಡು. ಶೇ. 20 ಎಥನಾಲ್ ಇರುವ ಪೆಟ್ರೋಲ್ ಹಳೇ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪು, ಎಸಿ ಪಂಪಿನ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು) ಡಯಾಫ್ರಾಮ್, ಕಾರ್ಬುರೇಟರ್ ವಾಷರುಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಟ್ಯಾಂಕಿಗೆ ತುಕ್ಕು ಬರುತ್ತದೆ. ಅದಕ್ಕೇ ತಿಂಗಳುಗಟ್ಟಲೆ ನಿಲ್ಲಿಸಬೇಡಿ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಾಗಲೂ ಹೀಗೇ ಹೆದರಿಸಿದ್ದರು. ಇಂಜಿನ್ನಿನ ಹೆಡ್ಡಿನಲ್ಲಿ ವಾಲ್ವ್ ಬಂದು ಕೂರುವ ಸೀಟುಗಳು ಸವೆದದ್ದು ನಿಜ. ಗಟ್ಟಿ ವಾಲ್ವ್ ಸೀಟು ಕೂರಿಸಿದೆವು, ಗಾಡಿಗಳು ಓಡಿದವು. ಹೆಡ್ ಇಳಿಸಿದಾಗ ಅದನ್ನೂ ನೋಡಿಸಿ. ಇನ್ನು ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಗಾಡಿ ಮಧ್ಯಾಹ್ನ ಸುಮ್ಮನೆ ನಿಂತುಬಿಟ್ಟರೆ ಗಾಬರಿ ಬೇಡ. ಪಂಪಿನೊಳಗೆ ಪೆಟ್ರೋಲ್ ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬೇವಿನ ನೆರಳಲ್ಲಿ ಕೂರಿ. ಬಾಡಿಯಲ್ಲಿ ಬಾಗಿಲ ಕೆಳಗಿನ ಅಂಚು, ಕಾಲಿಡುವ ತಗಡು ನೋಡಿ. ನಮ್ಮದು ಒಣ ಹವೆ, ಕರಾವಳಿ ಗಾಡಿಗಿಂತ ತುಕ್ಕು ಕಮ್ಮಿ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಒಂದು ವರ್ಷ. ಅವರ 1988ರ ಅಂಬಾಸಡರ್ ಇದೆ. ಬೆಂಗಳೂರಿನ ಮಗ ಮಾರಿಬಿಡು ಅಂತಾನೆ. ನನಗೂ ಕೊಡಬೇಕು ಅನಿಸುತ್ತದೆ, ಮರುದಿನ ಬೇಡ ಅನಿಸುತ್ತದೆ. ದಲ್ಲಾಳಿಯೊಬ್ಬರು ಖಾಲಿ ಫಾರಮ್ಮಿಗೆ ಸಹಿ ಹಾಕಿ ಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಕೊಡಲಾ?
– ಒಬ್ಬ ತಾಯಿ, ಸುರಪುರ

ಉತ್ತರ: ಅಮ್ಮಾ, ಖಾಲಿ ಫಾರಮ್ಮಿಗೆ ಸಹಿ ಹಾಕಬೇಡಿ. ಮೊದಲು ಆರ್‌ಸಿ ಅಂದರೆ ಗಾಡಿಯ ನೋಂದಣಿ ಪುಸ್ತಕ ನಿಮ್ಮ ಹೆಸರಿಗೆ ಆಗಲಿ. ಆಮೇಲೆ ಕೊಳ್ಳುವವರ ಹೆಸರು, ವಿಳಾಸ ತುಂಬಿದ, ಮಾಲೀಕತ್ವ ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಾಳೆ ಏನಾದರೂ ಅಪಘಾತವಾದರೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಮಗನಿಗೆ ಎರಡು ದಿನ ರಜೆ ಹಾಕಿ ಬರಲು ಹೇಳಿ. ಇದು ಫೋನಿನಲ್ಲಿ ಆಗುವ ಕೆಲಸವಲ್ಲ.

ಒಂದು ದಿನ ಬೇಕು, ಒಂದು ದಿನ ಬೇಡ ಅನಿಸುವುದು ಕೊಟ್ಟ ಮೇಲೂ ಸ್ವಲ್ಪ ದಿನ ಇರುತ್ತದೆ. ಅದು ನಿಲ್ಲಲಿ ಅಂತ ಕಾಯಬೇಡಿ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ. ಆದರೆ ಓಡುವ ಗಾಡಿಗೆ ಗಿರಾಕಿ ಇದ್ದೇ ಇದ್ದಾರೆ. ಅವಸರಪಟ್ಟು ದಲ್ಲಾಳಿಗೆ ಕೊಡಬೇಡಿ. ಓಡಿಸುವವರ ಕೈಗೇ ನೇರ ಕೊಡಿ, ಹತ್ತು ಸಾವಿರ ಕಮ್ಮಿ ಬಂದರೂ ಪರವಾಗಿಲ್ಲ. ಹಗ್ಗ ಕಟ್ಟಿ ಎಳೆದುಕೊಂಡು ಹೋಗಲು ಬಿಡಬೇಡಿ. ಮೇಸ್ತ್ರಿಯನ್ನು ಕರೆಸಿ, ಬ್ಯಾಟರಿ ಹಾಕಿಸಿ, ಬ್ರೇಕ್ ಸರಿ ಮಾಡಿಸಿ. ತನ್ನ ಇಂಜಿನ್ನಿನಲ್ಲೇ ಗೇಟು ದಾಟಲಿ.

ಹಳೇ ಗಾಡಿಗೆ ಅದರದೇ ಚಾಳಿಗಳಿರುತ್ತವೆ. ಚಳಿಗಾಲದಲ್ಲಿ ಚೋಕ್ ಎಷ್ಟು ಎಳೆಯಬೇಕು, ಯಾವ ಬಾಗಿಲು ಎತ್ತಿ ಹಾಕಬೇಕು, ಎರಡನೇ ಗೇರಿಗೆ ಎಷ್ಟು ತಡೆದು ಹಾಕಬೇಕು. ಮೇಸ್ತ್ರಿಗೆ ಅದು ಗೊತ್ತಿರುವುದಿಲ್ಲ. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತ ನಿಮಗೆ ಗೊತ್ತಿರುತ್ತದೆ. ಕೀಲಿ ಕೊಡುವ ಮೊದಲು ಕೊಳ್ಳುವವರನ್ನು ಕೂರಿಸಿ, ಚಹಾ ಕೊಟ್ಟು, ಒಂದೊಂದಾಗಿ ಹೇಳಿ.