ಮನುಷ್ಯರನ್ನು ಕಂಡರೆ ಹೆದರುವ ನಾಯಿಯನ್ನು ಸ್ಪಾನ್ಸರ್ ಮಾಡಬಹುದಾ?

ಫ್ಲ್ಯಾಟಿನಲ್ಲಿ ನಾಯಿ ಸಾಕೋಕೆ ಆಗಲ್ಲ, ಶೆಲ್ಟರಿನ ಒಂದು ನಾಯಿಯ ತಿಂಗಳ ಖರ್ಚು ಕೊಡಬೇಕು ಅಂತಿದೆ, ಆದರೆ ಅದು ಜನರನ್ನು ಕಂಡರೆ ಮೂಲೆ ಸೇರುತ್ತೆ, ಕೊಟ್ಟು ಏನು ಪ್ರಯೋಜನ ಅಂತ ಕೇಳಿದ್ದೀರಿ. ಖಂಡಿತ ಕೊಡಿ. ಅಂಥ ನಾಯಿಗೇ ಕೊಡಿ.

ನಾನು ನಾಲ್ಕು ವರ್ಷದಿಂದ ಬೆಂಗಳೂರಿನ ಹೊರಗಿರುವ ಒಂದು ಶೆಲ್ಟರಿನಲ್ಲಿ ಕೆಂಚಿ ಅನ್ನೋ ನಾಟಿ ನಾಯಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತಿದ್ದೇನೆ. ಕುತ್ತಿಗೆಗೆ ವೈರು ಬಿಗಿದು, ಗಾಯದಲ್ಲಿ ಹುಳುವಾಗಿ ಬಂದಿದ್ದಳು. ಮೊದಲ ಸಲ ನೋಡಿದಾಗ ನೀರಿನ ಡ್ರಮ್ಮಿನ ಹಿಂದೆ ಮುದುರಿಕೊಂಡಿದ್ದಳು. ಬಾಲ ಹೊಟ್ಟೆಯ ಅಡಿಗೆ, ಕಿವಿ ತಲೆಗೆ ಅಂಟಿಕೊಂಡು, ಕಣ್ಣಿನ ಬಿಳಿ ಕಾಣುವ ಓರೆನೋಟ. ಗಳಿಗೆಗೊಮ್ಮೆ ಮೂಗು ನೆಕ್ಕಿಕೊಳ್ಳುತ್ತಿದ್ದಳು. ಪಾಪ, ಹಸಿವು ಅಂದುಕೊಂಡೆ. 'ಹೆದರಿಕೆಗೂ ಹಾಗೆ ನೆಕ್ಕುತ್ತವೆ, ಆಕಳಿಸುತ್ತವೆ' ಅಂದರು ಅಲ್ಲಿ ನೋಡಿಕೊಳ್ಳುವ ಅಕ್ಕ.

ಆ ಅಕ್ಕ ದಿನಾ ಅನ್ನ, ಚಿಕನ್ ಕಲಸಿದ ತಟ್ಟೆ ಇಟ್ಟು, ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಮಾತಿಲ್ಲ, ಕೈ ಚಾಚುವುದಿಲ್ಲ. ವಾರಕ್ಕೊಮ್ಮೆ ತಟ್ಟೆಯನ್ನು ಒಂದು ಗೇಣು ತಮ್ಮ ಕಡೆ ಎಳೆದುಕೊಳ್ಳುವುದು, ಅಷ್ಟೇ. ಒಂದು ದಿನ ಯಾರದೋ ಕೈಯಿಂದ ಪಾತ್ರೆ ಬಿತ್ತು. ಕೆಂಚಿ ಮತ್ತೆ ಡ್ರಮ್ಮಿನ ಹಿಂದೆ. ಮೊದಲ ಗೇಣಿನಿಂದ ಶುರು. ಐದು ತಿಂಗಳಾದ ಮೇಲೆ ಒಂದು ಸಂಜೆ ಒದ್ದೆ ಮೂಗು ಅಕ್ಕನ ಮೊಣಕೈಗೆ ತಾಗಿತಂತೆ. 'ಅಳು ಬಂತು ಸರ್, ಆದ್ರೂ ಅಲುಗಾಡಲಿಲ್ಲ' ಅಂತ ಫೋನ್ ಮಾಡಿ ಹೇಳಿದರು.

ನಿಮ್ಮ ದುಡ್ಡು ಹೋಗುವುದು ಈ ಐದು ತಿಂಗಳಿಗೆ. ಮರಿಗೆ ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗೆ ಜನರ ಒಡನಾಟ ಸುಲಭವಾಗಿ ಒಗ್ಗುತ್ತೆ. ಆಗ ಒಳ್ಳೆಯ ಕೈ ಸಿಗದಿದ್ದರೆ ಆಮೇಲೆ ಬಹಳ ಸಮಯ ಬೇಕು. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಬೀದಿನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿ ತುದಿ ಕತ್ತರಿಸಿರುವುದು ಅದರ ಗುರುತು. ಹಾಗಾಗಿ ಈ ಶೆಲ್ಟರಿನಲ್ಲಿ ವರ್ಷಗಟ್ಟಲೆ ಉಳಿಯುವವು ಕುಂಟು, ಕುರುಡು, ಮುದಿ ನಾಯಿಗಳು, ಇಲ್ಲವೇ ಕೆಂಚಿಯಂಥವು. ದತ್ತು ಕೇಳಿಕೊಂಡು ಬರುವವರು ಹೆಚ್ಚಾಗಿ ಮರಿಯನ್ನೇ ಎತ್ತಿಕೊಂಡು ಹೋಗುತ್ತಾರೆ. ಇವಕ್ಕೆ ಕೊನೆವರೆಗೂ ಊಟ, ಲಸಿಕೆ, ಉಣ್ಣೆ ಹುಳುವಿಗೆ ಔಷಧಿ ಬೇಕು. ಆ ಹುಳು ಕಚ್ಚಿ ಟಿಕ್ ಫೀವರ್ ಬಂದರಂತೂ ರಕ್ತಪರೀಕ್ಷೆ, ಮೂರ್ನಾಲ್ಕು ವಾರ ಮಾತ್ರೆ.

ಕೊಡುವ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ. ಇದಕ್ಕಿಂತ ಮುಂಚೆ ನಾನು ಬೇರೊಂದು ಕಡೆ ಕೊಡುತ್ತಿದ್ದೆ. ಎಂಟು ತಿಂಗಳು ಅದೇ ಒಂದು ಫೋಟೋ ಕಳಿಸಿದರು, ಬೇಜಾರಾಗಿ ನಿಲ್ಲಿಸಿದೆ. ದುಡ್ಡು ಆ ನಾಯಿಗೆ ಮಾತ್ರವಾ, ಎಲ್ಲಕ್ಕೂ ಸೇರಿಯಾ ಅಂತ ಕೇಳಿ. ಎಲ್ಲಕ್ಕೂ ಅಂದರೂ ಬೇಸರ ಬೇಡ, ಅನ್ನ ಒಂದೇ ಹಂಡೆಯಲ್ಲಿ ಬೇಯುತ್ತೆ ಅಲ್ವಾ. ತೆರಿಗೆ ಲೆಕ್ಕಕ್ಕೆ ತೋರಿಸಬಹುದಾದ ದೇಣಿಗೆ ರಸೀದಿ ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಸಿಗುತ್ತೆ, ಆದರೆ 2,000 ರೂಪಾಯಿ ಮೀರಿದ ನಗದಿಗೆ ಸಿಗಲ್ಲ.

ನಿಮ್ಮನ್ನು ಗುರುತು ಹಿಡಿಯುತ್ತಾ ಅಂತಲೂ ಕೇಳಿದ್ದೀರಿ. ನಾನು ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ. ಮೂರನೇ ವರ್ಷದಲ್ಲಿ ಕೆಂಚಿ ನನ್ನ ಚಪ್ಪಲಿ ಮೇಲೆ ಗದ್ದ ಇಟ್ಟು ಮಲಗಿದಳು. ಕಾಲು ಜೋಮು ಹಿಡಿದರೂ ಕದಲಿಸಲಿಲ್ಲ. ದೀಪಾವಳಿ ಪಟಾಕಿಗೆ ಈಗಲೂ ಡ್ರಮ್ಮಿನ ಹಿಂದೆ ಹೋಗುತ್ತಾಳೆ. ಒಂದು ವಾರ ಬಿಟ್ಟು ಹೊರಗೆ ಬರುತ್ತಾಳೆ.

ಮೊದಲ ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ತಲೆ ಮೇಲೆ ಕೈ ಇಡಬೇಡಿ. ಪಕ್ಕಕ್ಕೆ ತಿರುಗಿ ಸುಮ್ನೆ ಕೂತಿರಿ. ಛತ್ರಿ ಇದ್ದರೆ ಗೇಟಿನ ಹತ್ತಿರವೇ ಇಟ್ಟು ಹೋಗಿ.