ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಸಾಗಿಸಿದ್ದು ಯಾಕೆ? ಆಗ ಬೀದರ್ ಯಾವುದರಿಂದ ಬದುಕುತ್ತಿತ್ತು?

ನಾನು ಬೀದರ್‌ನ ಹಳೇ ಊರಲ್ಲೇ ಬೆಳೆದವನು. ಈ ಪ್ರಶ್ನೆ ನೋಡಿ ಸುಮ್ನೆ ಇರೋಕೆ ಆಗಲಿಲ್ಲ.

1347ರಿಂದ ಕಲಬುರಗಿಯೇ ರಾಜಧಾನಿ. 1422ರಲ್ಲಿ ಅಣ್ಣ ಫಿರೋಜ್ ಷಾನನ್ನು ಇಳಿಸಿ ಪಟ್ಟಕ್ಕೆ ಬಂದ ಅಹ್ಮದ್ ಷಾ ಕೆಲವೇ ವರ್ಷಗಳಲ್ಲಿ ಬೀದರ್‌ಗೆ ಬಂದುಬಿಟ್ಟ. ವಾರಂಗಲ್ ಗೆದ್ದ ಮೇಲೆ ರಾಜ್ಯ ಪೂರ್ವಕ್ಕೆ ಹಬ್ಬಿತ್ತು, ಬೀದರ್ ಹೆಚ್ಚುಕಡಿಮೆ ನಡುವಿಗೆ ಬಿತ್ತು. ಇನ್ನೊಂದು ಕಾರಣ, ಕಲಬುರಗಿಯಲ್ಲಿ ಒಂದು ಬೇಸಿಗೆ ಕಳೆದವರಿಗೆ ಹೇಳಬೇಕಾಗಿಲ್ಲ. ಬೀದರ್ ಎತ್ತರದಲ್ಲಿದೆ, ಗಾಳಿ ತಂಪು.

ನನ್ನ ಪ್ರಕಾರ ದೊಡ್ಡ ಕಾರಣ ನಮ್ಮ ಕೆಂಪು ಕಲ್ಲು. ಅದು ಮಳೆ ನೀರನ್ನು ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ಅದನ್ನೇ ಕಡಿದು ಕೋಟೆಗೆ ಮೂರು ಸಾಲಿನ ಕಂದಕ ಮಾಡಿದರು. ಬೀದರ್ ಪಕ್ಕದ ನೌಬಾದ್‌ನ ಕರೇಜ್ ನೋಡಿ: ನೆಲದಡಿ ಸುರಂಗ, ಅದರ ಮೇಲೆ ಸಾಲಾಗಿ ಬಾವಿಗಳು, ನೀರು ಇಳಿಜಾರಿಗೆ ತಾನೇ ಹರಿಯುತ್ತದೆ. ಪರ್ಷಿಯಾದಿಂದ ಬಂದ ವಿದ್ಯೆ ಅದು. ಬಾವಿಯಲ್ಲಿ ಬಗ್ಗಿ ನೋಡಿದರೆ ಗೋಡೆ ಮೇಲೆ ಈಗಲೂ ಉಳಿಯ ಗುರುತು ಕಾಣುತ್ತದೆ.

ಇನ್ನು ಬದುಕು. ಹೊಲದ ಕಂದಾಯ ಇದ್ದೇ ಇತ್ತು. ಆದರೆ ರಾಜಧಾನಿಗೆ ಕಳೆ ಕೊಟ್ಟಿದ್ದು ಕುದುರೆ ವ್ಯಾಪಾರ. ದಖ್ಖನ್ನಿನಲ್ಲಿ ಒಳ್ಳೆ ಯುದ್ಧದ ಕುದುರೆ ಹುಟ್ಟುತ್ತಿರಲಿಲ್ಲ. ಅರಬ್ಬಿ, ಪರ್ಷಿಯಾ ಕಡೆಯಿಂದ ಹಡಗಿನಲ್ಲೇ ಬರಬೇಕು. ವಜೀರ ಮಹಮೂದ್ ಗವಾನ್ ಕೂಡ ಪರ್ಷಿಯಾದ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದವನೇ. 1472ರಲ್ಲಿ ಅವನು ಗೋವಾ ಬಂದರು ಹಿಡಿದದ್ದಕ್ಕೂ ಈ ವ್ಯಾಪಾರಕ್ಕೂ ಸಂಬಂಧ ಇದೆ. ಮದರಸಾ ಕಟ್ಟಿಸಿದ್ದೂ ಅದೇ ವರ್ಷ.

ಆ ಕಾಲಕ್ಕೇ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಬೀದರ್‌ಗೆ ಬಂದಿದ್ದ. ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಒಂದು ಸಂತೆಗೆ 20,000 ಕುದುರೆ ಬರುತ್ತವೆ ಅಂತ ಬರೆದಿದ್ದಾನೆ. ಆ ಸಂತೆ ಎಲ್ಲಿ ಗೊತ್ತಾ? ನಮ್ಮ ಆಳಂದದಲ್ಲಿ! ಹಳ್ಳಿ ಜನ ತೀರಾ ಬಡವರು, ಸರದಾರರು ಮಾತ್ರ ಭಾರಿ ಸಿರಿವಂತರು ಅಂತಲೂ ಅವನೇ ಬರೆದಿದ್ದಾನೆ. ಅರಮನೆಯ ಬಣ್ಣದ ಹೆಂಚು ನೋಡುವಾಗ ನನಗೆ ಈ ಮಾತು ಜಾಸ್ತಿ ನೆನಪಾಗುತ್ತದೆ.

ಸುಲ್ತಾನರು ಹೋದರು, ಕುದುರೆ ಸಂತೆಯೂ ಹೋಯಿತು. ಉಳಿದ ಕಸುಬು ಬಿದರಿ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಬೇಕು, ಬಿಸಿಲು ಮಳೆ ತಾಗದ ಜಾಗದ್ದು. ಕುಶಲಕರ್ಮಿ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡುತ್ತಾರೆ. ರುಚಿ ಸರಿ ಇದ್ದರೆ ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಕುದಿಸಿ ಹೂಜಿಯನ್ನು ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.