ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ್ದಕ್ಕೆ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ

ಪ್ರಶ್ನೆ: ಮೇಡಂ, ನನಗೆ 46 ವರ್ಷ, ಹನುಮಂತನಗರದಲ್ಲಿ ಮನೆ. ಗಂಡ, ನಾನು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳು ಪಿಯುಸಿ. ಅಮ್ಮನಿಗೆ 76, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ನಾಲ್ಕು ವರ್ಷ ಮನೆಯಲ್ಲೇ ನೋಡಿಕೊಂಡೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಗೆ ಹೋಗಿಬಿಡುತ್ತಿದ್ದಳು. ಎರಡು ಸಲ ಗ್ಯಾಸ್ ಹಾಗೇ ಬಿಟ್ಟಿದ್ದಳು. ನೋಡಿಕೊಳ್ಳಲು ಬಂದವರು ಯಾರೂ ನಿಲ್ಲಲಿಲ್ಲ. ಕಳೆದ ತಿಂಗಳು ಕನಕಪುರ ರಸ್ತೆಯ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆ. ದೊಡ್ಡಮ್ಮ "ಹೆತ್ತವಳನ್ನ ಆಶ್ರಮಕ್ಕೆ ತಳ್ಳಿ ಆರಾಮಾಗಿದ್ದಾಳೆ" ಅಂತ ಎಲ್ಲರಿಗೂ ಹೇಳುತ್ತಿದ್ದಾರೆ. ಎಷ್ಟು ವಿವರಿಸಿದರೂ ಕೇಳಲ್ಲ. ಎದುರು ಮನೆಯವರು ಮಾತು ಬಿಟ್ಟಿದ್ದಾರೆ. ಅಮೆರಿಕದಲ್ಲಿರುವ ಅಣ್ಣ "ನನ್ನನ್ನೊಂದು ಮಾತು ಕೇಳಬೇಕಿತ್ತು" ಅಂದ. ಮುಂದಿನ ತಿಂಗಳು ರಾಜಾಜಿನಗರದ ಛತ್ರದಲ್ಲಿ ಚಿಕ್ಕಪ್ಪನ ಮಗಳ ಮದುವೆ, ಹೋಗಲು ಧೈರ್ಯ ಇಲ್ಲ. ರಾತ್ರಿ ನಿದ್ದೆಯೂ ಇಲ್ಲ. ಯಾರಿಗೂ ಹೇಳದ ಇನ್ನೊಂದು ವಿಷಯ ಇದೆ. ನಮ್ಮ ಆಫೀಸಿನವರೊಬ್ಬರು ಹಿಂದೆ ಅವರ ಅತ್ತೆಯನ್ನು ಹೀಗೇ ಸೇರಿಸಿದಾಗ, ಊಟಕ್ಕೆ ಕೂತಾಗ ನಾನೇ "ಇವರಿಗೆಲ್ಲ ಕರುಳೇ ಇಲ್ವಾ" ಅಂದಿದ್ದೆ. ಅದು ಅವರ ಕಿವಿಗೂ ಬಿತ್ತು. ಆಗಷ್ಟೇ ಅಮ್ಮ ಹೇಳಿದ್ದನ್ನೇ ಹೇಳಲು ಶುರು ಮಾಡಿದ್ದಳು. ಜನ ಯಾಕೆ ಹೀಗೆ ಮೇಡಂ? ನಾನೂ ಯಾಕೆ ಹಾಗೆ ಅಂದೆ?

ಉತ್ತರ: ನೀವು ಮಾಡಿದ್ದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಉಳಿದದ್ದನ್ನು ನೀವು ಸ್ವಲ್ಪ ನೆಮ್ಮದಿಯಿಂದ ಓದಬೇಕು. ರಾತ್ರಿ ಬಾಗಿಲು ತೆಗೆದು ಬೀದಿಗಿಳಿಯುವ ಹಿರಿಯರನ್ನು, ಹಗಲೆಲ್ಲ ದುಡಿದು ಬಂದ ಮಗಳೊಬ್ಬಳೇ ವರ್ಷಗಟ್ಟಲೆ ಎಚ್ಚರವಿದ್ದು ಕಾಯೋದು ಆಗದ ಮಾತು. ಅದಕ್ಕೆ ಪಾಳಿಯ ಮೇಲೆ ಜನ ಬೇಕು. ನಿಮ್ಮ ಮನೆಯಲ್ಲಿ ಜನ ಇರಲಿಲ್ಲ. ಇರುವ ಕಡೆಗೆ ಅಮ್ಮನನ್ನು ಕರೆದುಕೊಂಡು ಹೋದಿರಿ.

ಈಗ ದೊಡ್ಡಮ್ಮನ ವಿಷಯ. ಅವರು ನಿಮ್ಮ ಮನೆಗೆ ಬರುತ್ತಿದ್ದಾಗ ಅಮ್ಮ ಹೇಗಿರುತ್ತಿದ್ದರು, ನೆನಪು ಮಾಡಿಕೊಳ್ಳಿ. "ಬಾ ಅಕ್ಕ, ಕೂತ್ಕೋ, ಕಾಫಿ ಕುಡಿ" ಅಂದಿರಬೇಕು. ಹಳೇ ಕಥೆ ಒಂದೆರಡು ಹೇಳಿ ನಕ್ಕಿರಬೇಕು. ಡಿಮೆನ್ಷಿಯಾ ಇರುವವರು ನೆಂಟರು ಬಂದ ಅರ್ಧ ಗಂಟೆ ಎಷ್ಟೋ ಸಲ ಚೆನ್ನಾಗೇ ಇರುತ್ತಾರೆ, ಇಂಥವರನ್ನು ನೋಡಿಕೊಂಡವರಿಗೆಲ್ಲ ಇದು ಗೊತ್ತು. ಇರುವ ಶಕ್ತಿಯನ್ನೆಲ್ಲ ಕೂಡಿಸಿಕೊಂಡು, ಬಾಯಿಗೆ ರೂಢಿಯಾದ ಮಾತುಗಳಲ್ಲಿ ನಿಭಾಯಿಸಿಬಿಡುತ್ತಾರೆ. ನೆಂಟರು ಗೇಟು ದಾಟಿದ ಮೇಲೆ ಸುಸ್ತು, ಸಿಟ್ಟು, ಅಳು. ಹೊತ್ತು ಇಳಿಯುತ್ತಿದ್ದ ಹಾಗೆ ತಳಮಳ ಜಾಸ್ತಿ, ತಮ್ಮದೇ ಮನೆಯಲ್ಲಿ ನಿಂತು "ನನ್ನನ್ನ ಮನೆಗೆ ಕಳಿಸು" ಅನ್ನುವುದು. ಇದನ್ನೆಲ್ಲ ಕಂಡವರು ನೀವೊಬ್ಬರೇ. ದೊಡ್ಡಮ್ಮನಿಗೆ ಗೊತ್ತಿರೋದು ಆ ಅರ್ಧ ಗಂಟೆಯ ತಂಗಿ. ಅಂಥ ತಂಗಿಯನ್ನು ಹೊರಗೆ ಕಳಿಸಿದರೆ ಯಾರಿಗಾದರೂ ಕೋಪ ಬರುತ್ತದೆ ಅಲ್ವಾ?

ನಾವೆಲ್ಲ ಬೇರೆಯವರನ್ನು ಅಳೆಯುವುದು ಹೆಚ್ಚಾಗಿ ಹೀಗೇ. ಮಾಡಿದ ಕೆಲಸ ಕಣ್ಣಿಗೆ ಬೀಳುತ್ತದೆ, ಅದರ ಹಿಂದಿನ ಕಷ್ಟ ಬೀಳುವುದಿಲ್ಲ. ಹಾಗಾಗಿ ಕೆಲಸ ನೋಡಿದವರು ನೇರವಾಗಿ ಸ್ವಭಾವಕ್ಕೇ ಹೋಗಿಬಿಡುತ್ತಾರೆ: ಸೇರಿಸಿದಳು, ಅಂದ ಮೇಲೆ ಕರುಳಿಲ್ಲದವಳು. 1967ರಲ್ಲಿ ಅಮೆರಿಕದ ಜೋನ್ಸ್ ಮತ್ತು ಹ್ಯಾರಿಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಮತ್ತು ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟಿದ್ದರು. ಯಾವ ಪಕ್ಷ ಹಿಡಿಯಬೇಕು ಅಂತ ಬರೆದವರಿಗೆ ಮೊದಲೇ ಹೇಳಲಾಗಿತ್ತು, ಅವರಿಗೆ ಆಯ್ಕೆಯೇ ಇರಲಿಲ್ಲ ಅಂತ ತಿಳಿಸಿದ ಮೇಲೂ, ಪರವಾಗಿ ಬರೆದವರ ಮನಸ್ಸು ನಿಜಕ್ಕೂ ಕ್ಯಾಸ್ಟ್ರೋ ಕಡೆಗೇ ಇದೆ ಅಂತ ಓದಿದವರು ಅಂದಾಜು ಮಾಡಿದರು. ಬೇರೆ ದಾರಿ ಇರಲಿಲ್ಲ ಅಂತ ಗೊತ್ತಿದ್ದವರೇ ಹೀಗೆ. ಎದುರು ಮನೆಯವರಿಗೆ ನಿಮ್ಮ ನಾಲ್ಕು ವರ್ಷ ಗೊತ್ತೇ ಇಲ್ಲ.

ಆದರೆ ಇಷ್ಟೇ ಆಗಿದ್ದರೆ ವಿವರಿಸಿದ ಮೇಲೆ ಮುಗಿಯಬೇಕಿತ್ತು. ಮುಗಿದಿಲ್ಲ. ನನ್ನ ಪ್ರಕಾರ ದೊಡ್ಡ ಕಾರಣ ಹೆದರಿಕೆ. ದೊಡ್ಡಮ್ಮ ನಿಮ್ಮ ಅಮ್ಮನಿಗಿಂತ ದೊಡ್ಡವರು. ತಂಗಿಗೆ ಬಂದದ್ದು ನಾಳೆ ತನಗೂ ಬರಬಹುದು, ತನ್ನ ಮಕ್ಕಳೂ ಇದೇ ದಾರಿ ಹಿಡಿಯಬಹುದು ಅನ್ನೋ ಯೋಚನೆಯನ್ನು ಆ ವಯಸ್ಸಿನಲ್ಲಿ ಹೊರುವುದು ಸುಲಭ ಅಲ್ಲ. ತಪ್ಪೆಲ್ಲ ನಿಮ್ಮದು ಅಂದುಕೊಂಡರೆ ಆ ಭಾರ ಇಳಿಯುತ್ತದೆ. ತಂಗಿಯ ಮಗಳು ಸರಿ ಇಲ್ಲ, ನನ್ನ ಮಕ್ಕಳು ಹಾಗಲ್ಲ, ಅಲ್ಲಿಗೆ ಮುಗಿಯಿತು. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಎಂಬ ಸಂಶೋಧಕರು, ಒಬ್ಬ ಹುಡುಗಿಗೆ ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಾಕ್ ಕೊಡುವುದನ್ನು ಕೆಲವು ವಿದ್ಯಾರ್ಥಿನಿಯರಿಗೆ ತೋರಿಸಿದರು. ಅದು ಬರೀ ನಟನೆ, ಆದರೆ ನೋಡುವವರಿಗೆ ಅದು ಗೊತ್ತಿರಲಿಲ್ಲ. ಅವಳ ಕಷ್ಟ ಇನ್ನೂ ಮುಂದುವರಿಯುತ್ತದೆ, ತಮ್ಮಿಂದ ಏನೂ ಮಾಡಲಾಗದು ಅಂತ ತಿಳಿದವರು ಏನು ಮಾಡಿದರು ಗೊತ್ತಾ? ಆ ಹುಡುಗಿಯನ್ನೇ ಕಡಿಮೆ ಮಾಡಿ ನೋಡಿದರು. ಯಾರಿಗೂ ಸುಮ್ಮಸುಮ್ನೆ ಕಷ್ಟ ಬರಲ್ಲ, ಅವರದ್ದೇ ಏನೋ ತಪ್ಪಿರಬೇಕು ಅಂತ ನಂಬಿದರೆ ನೋಡುವವರಿಗೆ ಸಮಾಧಾನ. ನಾಲ್ಕು ವರ್ಷದಲ್ಲಿ ಒಂದು ರಾತ್ರಿಯೂ ಬಂದು ಮಲಗಲು ಆಗದಿದ್ದ ನೆಂಟರು ಇವತ್ತು ಯಾಕೆ ಇಷ್ಟು ಗಟ್ಟಿಯಾಗಿ ಮಾತಾಡುತ್ತಾರೆ ಅನ್ನುವುದಕ್ಕೆ ಇದರಲ್ಲೇ ಉತ್ತರ ಇದೆ ಅನಿಸುತ್ತದೆ ನನಗೆ.

ನಿಮ್ಮ ಊಟದ ಹೊತ್ತಿನ ಮಾತಿಗೂ ಇದೇ ಉತ್ತರ. ನಿಮ್ಮ ಪತ್ರದಲ್ಲಿ ಒಂದು ವಾಕ್ಯ ಇದೆ, ಬರೆಯುವಾಗ ನಿಮಗೇ ಗೊತ್ತಾಗಿದೆಯೋ ಇಲ್ಲವೋ. ಆಗಷ್ಟೇ ಅಮ್ಮ ಹೇಳಿದ್ದನ್ನೇ ಹೇಳಲು ಶುರು ಮಾಡಿದ್ದಳು ಅಂದಿದ್ದೀರಿ. ಅವತ್ತು ನೀವು ಹೆದರಿದ್ದಿರಿ. ಆ ಹೆಣ್ಣುಮಗಳನ್ನು ಕರುಳಿಲ್ಲದವಳು ಅಂತ ಕರೆದಾಗ, ನಾನು ಹಾಗೆ ಮಾಡಲ್ಲ ಅಂತ ನಿಮಗೆ ನೀವೇ ಮಾತು ಕೊಟ್ಟುಕೊಂಡಿರಿ. ಈಗ ಆ ಮಾತೇ ನಿಮ್ಮನ್ನು ಎಲ್ಲರಿಗಿಂತ ಜಾಸ್ತಿ ಚುಚ್ಚುತ್ತಿದೆ. ಅವರಿಗೆ ಫೋನ್ ಮಾಡಿ. ಉದ್ದುದ್ದ ಕ್ಷಮೆ ಬೇಡ. ಅವತ್ತು ಹಾಗೆ ಅಂದಿದ್ದು ತಪ್ಪಾಯಿತು, ಈಗ ನನ್ನ ಅಮ್ಮನೂ ಅಲ್ಲಿದ್ದಾಳೆ, ಮೊದಲ ತಿಂಗಳು ನೀವು ಹೇಗೆ ಕಳೆದಿರಿ ಅಂತ ಕೇಳಿ. ಅವರು ಸಿಟ್ಟಾಗಬಹುದು, ಅದು ಅವರ ಹಕ್ಕು. ಆದರೆ ಆ ಮೊದಲ ತಿಂಗಳನ್ನು ದಾಟಿ ಬಂದವರು ನಿಮಗೆ ಗೊತ್ತಿರುವವರಲ್ಲಿ ಅವರೊಬ್ಬರೇ ಇರಬಹುದು.

ದೊಡ್ಡಮ್ಮನ ಜೊತೆ ಇನ್ನು ವಾದ ಬೇಡ, ಕರೆದುಕೊಂಡು ಹೋಗಿ. ಹಸಿರು ಮಾರ್ಗದ ಮೆಟ್ರೋ ಈಗ ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯವರೆಗೂ ಹೋಗುತ್ತದೆ, ಅವರಿಗೂ ಕಷ್ಟ ಆಗಲ್ಲ. ಮಧ್ಯಾಹ್ನ ಹೋಗಿ ಕತ್ತಲಾಗುವ ತನಕ ಇರಿ. ಸಂಜೆಯ ತಂಗಿಯನ್ನು ಅವರು ಒಂದು ಸಲ ನೋಡಲಿ. ಆಮೇಲೂ ಬೈದರೆ ಬೈಯಲಿ. ಎದುರು ಮನೆಯವರಿಗೆ ಏನನ್ನೂ ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇಷ್ಟೆಲ್ಲ ಬೈಗುಳದ ನಡುವೆ ಯಾರಾದರೂ "ಅಲ್ಲಿ ಚೆನ್ನಾಗಿ ನೋಡ್ಕೊಳ್ತಾರಾ" ಅಂತ ಕೇಳಿದರೆ ಅದನ್ನು ಚುಚ್ಚುಮಾತು ಅಂದುಕೊಳ್ಳಬೇಡಿ. ಅದು ನಿಜವಾಗಿ ಕೇಳಲೇಬೇಕಾದ ಪ್ರಶ್ನೆ. ಮುಂಚೆ ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ. ತೂಕ ಇಳಿದಿದೆಯಾ ನೋಡಿ. ಸೊಂಟ, ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗಿದೆಯಾ ನೋಡಿ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ವಿಚಾರಿಸಿ. ಹಗಲೆಲ್ಲ ಮಂಪರಲ್ಲೇ ಇದ್ದರೆ ಯಾವ ಮಾತ್ರೆ ಕೊಡುತ್ತಿದ್ದಾರೆ, ಯಾವ ಡಾಕ್ಟರು ಬರೆದದ್ದು ಅಂತ ಚೀಟಿ ತೋರಿಸಲು ಹೇಳಿ. ಸರಿ ಕಾಣದಿದ್ದರೆ ಬೇರೆ ಕಡೆ ಹುಡುಕಿ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ಮದುವೆಗೆ ಹೋಗಿ. ಛತ್ರದ ತುಂಬ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ ಅಂತ ಈಗ ಅನಿಸುತ್ತಿದೆ. ಮುಜುಗರ ತರುವ ಟೀ ಶರ್ಟ್ ಹಾಕಿಕೊಂಡು ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಹೋದ ವಿದ್ಯಾರ್ಥಿಗಳ ಬಗ್ಗೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಅವರು ಅಂದುಕೊಂಡಿದ್ದರು, ಗಮನಿಸಿದ್ದು ಕಾಲು ಭಾಗದಷ್ಟು ಜನ. ಯಾರಾದರೂ ಅಮ್ಮನ ಬಗ್ಗೆ ಕೇಳಿದರೆ "ಕನಕಪುರ ರಸ್ತೆಯಲ್ಲಿದ್ದಾಳೆ, ವಿಳಾಸ ಕಳಿಸ್ತೀನಿ, ಹೋಗಿ ಮಾತಾಡಿಸಿ, ಅವಳಿಗೂ ಖುಷಿಯಾಗುತ್ತೆ" ಅನ್ನಿ. ಮನಸ್ಸಲ್ಲಿ ಪ್ರೀತಿ ಇರುವವರು ವಿಳಾಸ ಬರೆದುಕೊಳ್ಳುತ್ತಾರೆ.

ನಿದ್ದೆ ಇಲ್ಲ ಅನ್ನೋದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಲ್ಕು ವರ್ಷ ಅರ್ಧ ನಿದ್ದೆಯಲ್ಲಿ ಕಳೆದ ದೇಹ ಅದು, ಜೊತೆಗೆ ಈ ಅಪರಾಧಿ ಭಾವನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ವಾರವೇ ಮಾಡಿ.

ಇನ್ನು ಅಣ್ಣ. ಒಂದು ಮಾತು ಕೇಳಬೇಕಿತ್ತು ಅನ್ನುವ ಅವರ ದೂರಿನಲ್ಲಿ ಸ್ವಲ್ಪ ನ್ಯಾಯ ಇದೆ, ಅದನ್ನು ಒಪ್ಪಿಕೊಳ್ಳಿ. ಆದರೆ ಕೇಳಿಸಿಕೊಳ್ಳುವ ಹಕ್ಕಿನ ಜೊತೆ ಹೊಣೆಯೂ ಬರುತ್ತದೆ. ಹೆತ್ತವರನ್ನು ನೋಡಿಕೊಳ್ಳುವ ಬಗ್ಗೆ 2007ರಲ್ಲಿ ಬಂದ ಕಾಯ್ದೆಯೂ ಮಗ, ಮಗಳು ಅಂತ ಭೇದ ಮಾಡಿಲ್ಲ. ಕೋರ್ಟು ಕಚೇರಿಗೆ ಹೋಗಿ ಅಂತ ಹೇಳುತ್ತಿಲ್ಲ. ಕೇಂದ್ರದ ತಿಂಗಳ ಬಿಲ್ಲು, ಔಷಧಿ, ಡೈಪರ್, ಡಾಕ್ಟರ ಫೀಸು ಎಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸಿ, ಅರ್ಧ ನಿನ್ನದು ಅನ್ನಿ. ರಜೆ ಹಾಕಿ ಎರಡು ವಾರ ಬಾ, ದಿನಾ ಸಂಜೆ ಅಮ್ಮನ ಹತ್ತಿರ ನೀನೇ ಕೂತ್ಕೋ, ಇಲ್ಲೇ ಇರಬೇಕಾ ಬೇರೆ ಏರ್ಪಾಡು ಮಾಡಬೇಕಾ ಅನ್ನೋದನ್ನು ಆಮೇಲೆ ಇಬ್ಬರೂ ಸೇರಿ ನಿರ್ಧರಿಸೋಣ ಅಂತ ನೇರವಾಗಿ ಕೇಳಿ.